ಬಜೆ ಇಟ್ಟ ಪುಟ

ಕಳೆದ ವಾರ ಲಕ್ಷ್ಮೇಶ್ವರದ ಬಸ್ಸಿನಲ್ಲಿ ನನಗೊಂದು ಗಂಟು ಬಂತು. ಹಳೆಯ ಸೀರೆಯ ಅರಿವೆಯಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ, ಮೇಲೆ ನನ್ನ ಫೋನ್ ನಂಬರು ಬರೆದಿತ್ತು. ಗದಗದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಅದನ್ನು ನನ್ನ ಕೈಗಿಡುವಾಗ ಒಳಗೇನಿದೆ ಎಂದು ಕೇಳಲಿಲ್ಲ, ಮೂಗು ಮಾತ್ರ ಉಜ್ಜಿಕೊಂಡರು. ಬೆಟಗೇರಿಯ ಮನೆಗೆ ತಂದು ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು. ಬಜೆಯ ವಾಸನೆ. ಕೂಸುಗಳಿಗೆ ತೇಯ್ದು ನೆಕ್ಕಿಸುವ ಆ ಬೇರಿನ ಘಾಟು ಒಮ್ಮೆ ಮೂಗು ಹೊಕ್ಕರೆ ಸುಲಭಕ್ಕೆ ಬಿಡುವಂಥದ್ದಲ್ಲ. ಅರಿವೆಯೊಳಗೆ ಉದ್ದನೆಯ ರಟ್ಟಿನ ಪುಸ್ತಕವಿತ್ತು. ರಟ್ಟಿನ ಮೇಲೆ ನನ್ನದೇ ಅಕ್ಷರ, ಹನ್ನೆರಡು ವರ್ಷದ ಹಿಂದಿನ ಗುಂಡಗಿನ, ಜಂಬದ ಅಕ್ಷರ.

ಆ ಪುಸ್ತಕ ಬರೆಯಿಸಿದವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತ ಸಂಬಂಧವೇನೂ ಇರಲಿಲ್ಲ. ಲಕ್ಷ್ಮೇಶ್ವರದ ಪೇಟೆಯಲ್ಲಿ ಅವರದೊಂದು ಗ್ರಂಥಿಗೆ ಅಂಗಡಿ ಇತ್ತು. ಬೇರು, ತೊಗಟೆ, ಬೀಜ, ಅಂಟು, ಧೂಪ, ಹೀಗೆ ನಾಟಿ ಔಷಧಕ್ಕೂ ಪೂಜೆಗೂ ಬೇಕಾದ ಸಾಮಾನಿನ ಅಂಗಡಿ.

ಈಗ ನನ್ನ ಹೊಟ್ಟೆಪಾಡು ಪದಗಳ ನಡುವೆ ಗೆರೆ ಎಳೆಯುವುದು. ಕನ್ನಡದ ಪದಗಳು ಒಂದಕ್ಕೊಂದು ಏನಾಗಬೇಕು ಎಂಬುದನ್ನು ಕಂಪ್ಯೂಟರಿಗೆ ತಿಳಿಸಲು ಒಂದು ದೊಡ್ಡ ಜಾಲ ಕಟ್ಟುತ್ತಿದ್ದೇವೆ, ನಾಲೆಡ್ಜ್ ಗ್ರಾಫ್ ಎನ್ನುತ್ತಾರೆ. ಒಂದೊಂದು ಪದ ಒಂದೊಂದು ಚುಕ್ಕಿ, ಸಂಬಂಧವಿದ್ದರೆ ನಡುವೆ ಗೆರೆ, ಗೆರೆಯ ಮೇಲೆ ಆ ಸಂಬಂಧದ ಹೆಸರು. ಗೆರೆಗಳನ್ನು ಯಂತ್ರವೇ ಸೂಚಿಸುತ್ತದೆ. ಸರಿಯಿದ್ದದ್ದನ್ನು ಇಟ್ಟು ತಪ್ಪಿದ್ದದ್ದನ್ನು ತೆಗೆಯುವುದು ನನ್ನ ಪಾಲಿನ ಕೆಲಸ. ಓಣಿಯ ಹೆಂಗಸರಿಗೆ ಇದನ್ನು ವಿವರಿಸಿದರೆ, ಅದಕ್ಕೂ ಪಗಾರ ಕೊಡ್ತಾರೇನು ಎಂದು ಕೇಳುತ್ತಾರೆ. ಈ ಕೆಲಸ ನನಗೆ ಕಲಿಸಿದವರು ಕಂಪ್ಯೂಟರನ್ನು ಮುಟ್ಟಿಯೂ ನೋಡಿರದ ಒಬ್ಬ ಅಂಗಡಿಯವರು ಎಂದರೆ ನಮ್ಮ ಆಫೀಸಿನವರೂ ನಂಬುವುದಿಲ್ಲ.

ಆಗ ನಾನು ಎಂ.ಎ. ಮುಗಿಸಿ ಒಂದು ತಾತ್ಕಾಲಿಕ ಕೆಲಸ ಹಿಡಿದಿದ್ದೆ. ಕಸುಬಿನ ಪದಗಳನ್ನು ಕೂಡಿಸುವುದು. ಬೆಟಗೇರಿಯಲ್ಲಿ ಮಗ್ಗದ ಪದ, ಮುಂಡರಗಿಯಲ್ಲಿ ಕಂಬಳಿ ನೇಯುವವರ ಪದ, ಲಕ್ಷ್ಮೇಶ್ವರದಲ್ಲಿ ಗ್ರಂಥಿಗೆ ಪದ. ಒಂದೇ ದಿನದಲ್ಲಿ ಮುಗಿಸಿಕೊಂಡು ಬರುವ ಲೆಕ್ಕಾಚಾರದಲ್ಲಿ ಕಾಕಾನ ಅಂಗಡಿ ಹತ್ತಿದ್ದೆ. ಒಳಗೆ ಕಾಲಿಟ್ಟರೆ ಹಿಂದಿನ ಗೋಡೆಯ ತುಂಬ ಸಾಗವಾನಿಯ ಖಾನೆಗಳು, ನೆಲದಿಂದ ಜಂತಿಯವರೆಗೆ. ಒಂದರ ಮೇಲೂ ಹೆಸರಿಲ್ಲ. ನಾನು ಪೆನ್ನು ತೆಗೆದು ಮೊದಲನೆಯ ಖಾನೆಯಲ್ಲಿ ಏನಿದೆ ಎಂದು ಕೇಳಿದೆ.

"ಮನ್ಯಾಗ ಯಾರಿಗೆ ಏನಾಗೈತಿ, ಅದನ್ನ ಹೇಳವ್ವ ಮೊದಲ," ಎಂದರು ಕಾಕಾ.

ಯಾರಿಗೂ ಏನೂ ಆಗಿಲ್ಲ, ಬರೀ ಹೆಸರು ಬೇಕು ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಮುಖವನ್ನು ಪಕ್ಕಕ್ಕೆ ಹೊರಳಿಸಿ, ಕಣ್ಣಿನ ಅಂಚಿನಿಂದ ನೋಡಿದ್ದರು. ಅಸಡ್ಡೆ ಇರಬೇಕು ಎಂದುಕೊಂಡು ನಾನು ಒಳಗೊಳಗೇ ಸಿಟ್ಟಾದೆ. ಆ ಸಿಟ್ಟು ಇಳಿಸಿದವರು ಅವರ ಸೊಸೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮುಂಡರಗಿ ಕಡೆಯ ಹೆಣ್ಣುಮಗಳು. ನಾನು ಅವರನ್ನು, ಅತ್ತಿಗೆಯನ್ನು ಕರೆಯುವಂತೆ, ವೈನಿ ಎಂದು ಕರೆಯತೊಡಗಿದೆ. ಕುಡಿಯಲು ನೀರು ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದರು. ಮಾವನವರ ಕಣ್ಣಿನ ನರ ಸೋತಿದೆ, ನಟ್ಟನಡುವೆ ಏನೂ ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು ಉಳಿದಿದೆ. ಅದೂ ವರ್ಷದೊಳಗೆ ಹೋಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಅಂಗಡಿ ಕಲಿಯಬೇಕಾಗಿದ್ದ ಗಂಡ ಮೂರು ವರ್ಷದ ಹಿಂದೆ ತೀರಿಕೊಂಡರು. ಆ ಗೋಡೆಯ ಗುಟ್ಟೆಲ್ಲ ಇರುವುದು ಮಾವನ ತಲೆಯಲ್ಲಿ ಮಾತ್ರ.

"ಈ ಅಂಗಡಿ ನಿಂತರ ನಾ ತವರಮನಿಗೆ ಹೋಗಿ ಕುಂಡ್ರಬೇಕಾಕ್ಕೈತಿ," ಎಂದರು ವೈನಿ. "ನನಗ ಅದು ಬ್ಯಾಡ. ಹೆಂಗರ ಮಾಡಿ ಅವರ ತಲ್ಯಾಗಿಂದು ಹಾಳಿಗೆ ಇಳಿಸಿಕೊಡ್ರಿ."

ನನಗೆ ಅದು ದೊಡ್ಡ ಕೆಲಸ ಎನಿಸಲಿಲ್ಲ. ಪ್ರತಿ ಸೋಮವಾರ ಬರುತ್ತೇನೆ ಎಂದೆ. ಮೂರೇ ಸೋಮವಾರದಲ್ಲಿ ಅಷ್ಟೂ ಖಾನೆಗಳ ಹೆಸರು ಬರೆದುಕೊಂಡು, ಅಕಾರಾದಿಯಾಗಿ ಜೋಡಿಸಿ, ಚೀಟಿ ಅಂಟಿಸಿ, ಕೈ ಝಾಡಿಸಿಕೊಂಡೆ. ಅಜವಾನ ಎಲ್ಲಿದೆ, ಅಳಲೆಕಾಯಿ ಎಲ್ಲಿದೆ, ಕಣ್ಣುಮುಚ್ಚಿ ಹೇಳಬಹುದಿತ್ತು. ಎಷ್ಟು ಹೆಮ್ಮೆಪಟ್ಟೆನೆಂದರೆ, ಆವತ್ತು ಪೇಟೆಯಲ್ಲಿ ನನಗೆ ನಾನೇ ಒಂದು ಮಿರ್ಚಿ ಪ್ಲೇಟು ಕೊಡಿಸಿಕೊಂಡೆ.

ಮುಂದಿನ ಸೋಮವಾರ ಹೋದಾಗ ವೈನಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಗಿರಾಕಿಗಳು ಯಾರೂ ಸಾಮಾನಿನ ಹೆಸರು ಹೇಳುವುದೇ ಇಲ್ಲವಂತೆ. ಕೂಸಿಗೆ ತಿಂಗಳಾತು ಎನ್ನುತ್ತಾರೆ. ಮಗಳು ಬಾಣಂತಿತನಕ್ಕೆ ಬಂದಾಳ ಎನ್ನುತ್ತಾರೆ. ನೂಲಿಗೆ ಬಣ್ಣ ನಿಲ್ಲವಲ್ದು ಎನ್ನುತ್ತಾರೆ. ಅಷ್ಟು ಹೇಳಿ ಕೈಕಟ್ಟಿ ನಿಲ್ಲುತ್ತಾರೆ, ಇನ್ನುಳಿದದ್ದನ್ನು ಅಂಗಡಿಯವರು ತಿಳಿದುಕೊಳ್ಳಬೇಕು. ನನ್ನ ಅಕಾರಾದಿ ಹಿಡಿದು ವೈನಿ ಗೋಡೆಯ ಮುಂದೆ ನಿಂತರೆ ಎಲ್ಲ ಹೆಸರೂ ಇವೆ, ಯಾವುದನ್ನು ಯಾವುದರ ಜೊತೆ ಕಟ್ಟಬೇಕೆಂಬುದು ಮಾತ್ರ ಇಲ್ಲ.

ಕಾಕಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು, "ಹೆಸರು ಬರದಿ ಖರೆ. ಯಾರಿಗೆ ಯಾರು ಏನಾಗಬೇಕು ಅನ್ನೋದು ಬರದೇ ಇಲ್ಲ."

ಹೊಸ ಪುಸ್ತಕ ಶುರುವಾದದ್ದು ಅಂದು. ಕಾಕಾನ ತಲೆಯೊಳಗೆ ಆ ಖಾನೆಗಳೆಲ್ಲ ಮನೆತನಗಳಾಗಿದ್ದವು. ಒಂದು ಇಲ್ಲದಾಗ ಅದರ ಜಾಗಕ್ಕೆ ನಿಲ್ಲಬಲ್ಲವು ಅಣ್ಣತಮ್ಮರು. ಬೇರೆ ಬೇರೆ ಜಾತಿಯವಾದರೂ ಒಂದೇ ಪೊಟ್ಟಣದಲ್ಲಿ ಕೂಡುವವು ಬೀಗರು. ಶುಂಠಿ ಮತ್ತು ಹಿಪ್ಪಲಿ ಬೀಗರು, ಬಾಣಂತಿ ಖಾರಕ್ಕೆ ಕರೆದರೆ ಎರಡೂ ಬರುತ್ತವೆ. ಒಂದೇ ಪೊಟ್ಟಣಕ್ಕೆ ಹಾಕಲೇಬಾರದ ಕೆಲವು ಇದ್ದವು, ಅವು ಮಾತು ಬಿಟ್ಟವು. ನಾನು ಚುಕ್ಕಿ ಇಟ್ಟು ಹೆಸರು ಬರೆದೆ, ಅಣ್ಣತಮ್ಮರ ನಡುವೆ ಎರಡೆಳೆಯ ಗೆರೆ, ಬೀಗರ ನಡುವೆ ಒಂದೆಳೆ, ಮಾತು ಬಿಟ್ಟವರ ನಡುವೆ ಕೆಂಪು ಕತ್ತರಿ ಗುರುತು. ಬರೆಯುವ ಮುಂಚೆ ಪ್ರತಿಯೊಂದನ್ನೂ ಮೂಸಬೇಕೆಂಬುದು ಕಾಕಾನ ಕಟ್ಟಳೆ. ನಾನು ಕಣ್ಣು ಮುಚ್ಚಬೇಕು, ಅವರು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿಯಬೇಕು, ನಾನು ಹೆಸರು ಹೇಳಬೇಕು. ನನಗೆ ಅದು ಬೇಗ ಹಿಡಿಸಿತು. ವೈನಿಗೆ ಎಂಥದೋ ಶೀತ, ಯಾವಾಗಲೂ ಮೂಗು ಕಟ್ಟಿರುತ್ತಿತ್ತು. ಆಕೆ ಗೆರೆಗಳನ್ನೇ ನೆಚ್ಚಿಕೊಂಡರು.

ಆ ಸೋಮವಾರಗಳು ನನಗೆ ಹುಚ್ಚು ಹಿಡಿಸಿದವು. ಅಳಲೆಕಾಯಿ ಒಂದನ್ನೇ ಹಿಡಿದು ಕೂತರೆ ಮಧ್ಯಾಹ್ನ ಮುಗಿಯುತ್ತಿತ್ತು. ಕೂಸಿನ ಔಷಧದಲ್ಲಿ ಅದು ಬಜೆಯ ಬೀಗ, ಬಣ್ಣ ಹಾಕುವವರ ಹಂಡೆಯಲ್ಲಿ ಪಟಿಕದ ಬೀಗ, ಹಿಂದೆ ಮನೆಯಲ್ಲೇ ಶಾಯಿ ಕಾಯಿಸುವವರಿಗೂ ಅದೇ ಬೇಕಾಗಿತ್ತಂತೆ. ಬೆಟಗೇರಿಯಲ್ಲೇ ಹುಟ್ಟಿ ಬೆಳೆದ ನನಗೆ, ನಮ್ಮ ಪಕ್ಕದ ಮನೆಯ ನೂಲಿಗೂ ನನ್ನ ತಮ್ಮ ಕೂಸಾಗಿದ್ದಾಗ ನೆಕ್ಕಿದ ಔಷಧಕ್ಕೂ ನಡುವೆ ಒಂದು ಕಾಯಿ ಕೂತಿದೆ ಎಂಬುದು ಗೊತ್ತಾಗಲು ಲಕ್ಷ್ಮೇಶ್ವರಕ್ಕೆ ಹೋಗಬೇಕಾಯಿತು. ಬಜೆಯ ಚುಕ್ಕಿ ಇಟ್ಟ ದಿನ ಕಾಕಾ ಇನ್ನೊಂದು ನಂಟು ಹೇಳಿದ್ದರು. ಪುಸ್ತಕದಲ್ಲಿ ಅದರ ತುಂಡೊಂದನ್ನು ಇಟ್ಟರೆ ಹುಳ ಹತ್ತುವುದಿಲ್ಲ. ನಾನು ಬಜೆಯಿಂದ ಒಂದು ಗೆರೆ ಎಳೆದು ತುದಿಗೆ ಪುಸ್ತಕ ಎಂದು ಬರೆದೆ.

ಆಮೇಲೆ ನಾನೊಂದು ಶಾಣ್ಯಾತನ ಮಾಡಿದೆ. ಗೆರೆಗಳು ಹೆಚ್ಚಾದಂತೆ ನನಗೆ ಗಣಿತ ಹೊಳೆಯಿತು. ಒಂದು ಎರಡನೆಯದಕ್ಕೆ ತಮ್ಮ, ಎರಡನೆಯದು ಮೂರನೆಯದಕ್ಕೆ ತಮ್ಮ, ಅಂದಮೇಲೆ ಒಂದು ಮೂರಕ್ಕೂ ತಮ್ಮನೇ ಆಗಬೇಕಲ್ಲ. ಹಾಗಿದ್ದರೆ ಕಾಕಾನನ್ನು ಪ್ರತಿಯೊಂದಕ್ಕೂ ಕೇಳುವ ಅಗತ್ಯವಿಲ್ಲ, ಅವರ ಕಣ್ಣು ಪೂರ್ತಿ ಹೋಗುವುದರೊಳಗೆ ಮುಗಿಸಬೇಕು, ಸಮಯ ಉಳಿಯುತ್ತದೆ. ಮನೆಯಲ್ಲಿ ಕೂತು ಒಂದೇ ಸಂಜೆಗೆ ಮೂವತ್ತು ನಲವತ್ತು ಗೆರೆ ಎಳೆದೆ. ಯಾರನ್ನೂ ಕೇಳಲಿಲ್ಲ.

ಅದಾದ ಎರಡನೆಯ ಸೋಮವಾರ ಕಾಕಾ ಊಟ ಮುಗಿಸಿ ಅಂಗಡಿಗೆ ಬಂದವರು, ಗಲ್ಲಾಪೆಟ್ಟಿಗೆಯ ಮುಂದೆ ನಿಂತು ತಕ್ಕಡಿಯ ತಟ್ಟೆಯನ್ನು ಮೂಸಿದರು. ರಾಳ ಯಾರಿಗೆ ಹೋಯಿತು ಎಂದು ಕೇಳಿದರು. ವೈನಿ ಸಹಜವಾಗಿಯೇ ಹೇಳಿದರು. ಬೆಳ್ಳಟ್ಟಿಯ ಒಬ್ಬ ಅಜ್ಜಿ ಬಂದಿದ್ದರು, ಮೊಮ್ಮಗ ಹುಟ್ಟಿ ಹದಿನೈದು ದಿನ, ಕೂಸಿಗೆ ಎರೆದ ಮೇಲೆ ಹಿಡಿಯುವ ಹೊಗೆಗೆ ಲೋಬಾನ ಬೇಕಿತ್ತು, ಲೋಬಾನ ಮುಗಿದಿತ್ತು, ಪುಸ್ತಕದಲ್ಲಿ ಲೋಬಾನದ ಮುಂದೆ ರಾಳಕ್ಕೆ ಎರಡೆಳೆಯ ಗೆರೆ ಇತ್ತು.

ಆ ಗೆರೆ ನನ್ನದು. ಧೂಪಾರತಿಯಲ್ಲಿ ಲೋಬಾನ, ಗುಗ್ಗುಳ ಅಣ್ಣತಮ್ಮರು ಎಂದು ಕಾಕಾ ಹೇಳಿದ್ದರು. ತಿಗಣೆ ಹೊಕ್ಕ ಖಾಲಿ ಕೋಣೆಗೆ ಹೊಗೆ ಹಾಕುವಾಗ ಗುಗ್ಗುಳ, ರಾಳ ಅಣ್ಣತಮ್ಮರು ಎಂದು ಇನ್ನೊಂದು ದಿನ ಹೇಳಿದ್ದರು. ನಾನು ಲೋಬಾನವನ್ನೂ ರಾಳವನ್ನೂ ಸೇರಿಸಿಬಿಟ್ಟಿದ್ದೆ. ರಾಳದ ಹೊಗೆ ಕಪ್ಪಗೆ, ದಪ್ಪಗೆ ಏಳುತ್ತದೆ, ದೊಡ್ಡವರೇ ಕೆಮ್ಮಿ ಸಾಯುವಂತಾಗುತ್ತಾರೆ. ಇನ್ನು ಹದಿನೈದು ದಿನದ ಕೂಸಿಗೆ...

ಕಾಕಾ ಟೋಪಿ ಹಾಕಿಕೊಂಡು ನನ್ನ ಭುಜ ಹಿಡಿದು ನಡಿ ಎಂದರು. ಬೆಳ್ಳಟ್ಟಿ ಬಸ್ಸು ಹೋಗಿ ಅರ್ಧ ತಾಸಾಗಿತ್ತು. ಒಂದು ಟಂಟಂ ಆಟೋ ಹಿಡಿದು ಹೊರಟೆವು. ದಾರಿಯುದ್ದಕ್ಕೂ ಅವರು ಒಂದೇ ಪ್ರಶ್ನೆ ಕೇಳಿದರು. "ಅಣ್ತಮ್ಮರು ಅಂತ ಬರದಿ. ಯಾರ ಮನ್ಯಾಗ ಅಣ್ತಮ್ಮರು, ಅದನ್ನ ಕೇಳಿದಿ ಏನು?" ನಾನು ಕೇಳಿರಲಿಲ್ಲ. ಆ ಟಂಟಂ ಅಷ್ಟು ನಿಧಾನ ಹೋದದ್ದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಬೆಳ್ಳಟ್ಟಿಯಲ್ಲಿ ಹೊಸ ಕೂಸಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ಅಜ್ಜಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಪೊಟ್ಟಣ ಪಕ್ಕದಲ್ಲೇ ಇತ್ತು, ಬಿಚ್ಚಿ ಮತ್ತೆ ಕಟ್ಟಿದ್ದು ಕಾಣುತ್ತಿತ್ತು. ಕಾಕಾ ಮೆಟ್ಟಿಲ ಕೆಳಗೇ ನಿಂತು, ಅಂಗಡಿಯಿಂದ ತಪ್ಪು ಸಾಮಾನು ಬಂದಿದೆ, ತಪ್ಪು ನನ್ನದು, ಸೊಸೆಯದಲ್ಲ ಎಂದರು. ನನ್ನದೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಭುಜವನ್ನು ಒತ್ತಿ ಹಿಡಿದರು.

"ಮೂಸಿ ನೋಡಿದೆನ್ರಿ," ಎಂದರು ಅಜ್ಜಿ. "ಇದು ಕೂಸಿಂದಲ್ಲ ಅನಿಸ್ತು. ತೆಗದಿಟ್ಟೆ. ಕುಳ್ಳಿನ ಕೆಂಡದ ಮ್ಯಾಲ ಚೂರು ಬಜಿ ಪುಡಿ ಉದುರಿಸಿ ಹೊಗಿ ಹಿಡದ್ವಿ, ಮಲಗೇತಿ."

ನಾನು ಮೊದಲು ಆ ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕಾಕಾನಿಗೆ ಸಮಾಧಾನವಾದದ್ದು ನಿಜ, ಆದರೆ ಅವರ ಕಿವಿ ನಿಂತದ್ದು ಬೇರೆಡೆ. ಬಜೆಯನ್ನು ಹೊಗೆಗೆ ಹಾಕುತ್ತೀರಾ ಎಂದು ಕೇಳುತ್ತ ಮೆಟ್ಟಿಲು ತಡವರಿಸಿಕೊಂಡು ಹತ್ತಿ ಅಜ್ಜಿಯ ಪಕ್ಕ ಕೂತೇಬಿಟ್ಟರು. ಎಷ್ಟು ಹಾಕುತ್ತೀರಿ, ಯಾರು ಕಲಿಸಿದರು, ಜೊತೆಗೆ ಬೆಳ್ಳುಳ್ಳಿ ಸಿಪ್ಪೆ ಹಾಕುತ್ತೀರೋ ಇಲ್ಲವೋ. ಐವತ್ತು ವರ್ಷ ಬಜೆ ಮಾರಿದವರಿಗೆ ಅದನ್ನು ತೇಯುವುದು ಗೊತ್ತಿತ್ತೇ ಹೊರತು ಸುಡುವುದು ಗೊತ್ತಿರಲಿಲ್ಲ. ಅವರ ಮುಖದಲ್ಲಿ ಆಗ ಇದ್ದದ್ದು ಹಬ್ಬದ ಖುಷಿ. ನನ್ನ ಕಡೆ ತಿರುಗಿ, "ಬರಕೊ," ಎಂದರು. "ಬಜಿಗೂ ಲೋಬಾನಕ್ಕೂ ಎರಡೆಳಿ. ಮ್ಯಾಲ ಬೆಳ್ಳಟ್ಟಿ ಮನಿ ಅಂತ ಬರಿ."

ಮುಂದಿನ ಐದಾರು ಸೋಮವಾರ ನಾನು ಎಳೆದ ಗೆರೆಗಳನ್ನು ಒಂದೊಂದಾಗಿ ಅಳಿಸಿದೆವು. ಕಾಕಾ ಹೇಳಿದ್ದ ಗೆರೆಗಳಿಗೂ ಮನೆಯ ಹೆಸರು ಹಾಕಿದೆವು. ಬಾಣಂತಿ ಕೋಣೆ, ಬಣ್ಣದ ಹಂಡೆ, ದನದ ಕೊಟ್ಟಿಗೆ, ದೇವರ ಮನೆ. ಗೆರೆ ಕಡಿಮೆಯಾದಷ್ಟೂ ವೈನಿಯ ಕೈ ಚುರುಕಾಯಿತು. ಶಿರಹಟ್ಟಿಯ ಒಬ್ಬರು ಬಂದು ಆಕಳು ಮೇವು ಮುಟ್ಟವಲ್ದು ಎಂದಾಗ, ಕಾಕಾ ಬಾಯಿ ತೆರೆಯುವ ಮೊದಲೇ ವೈನಿ ನಾಲ್ಕು ಖಾನೆ ಎಳೆದು ಪೊಟ್ಟಣ ಕಟ್ಟಿದ್ದರು. ಕಾಕಾ ಗಿರಾಕಿಯ ಕೈಯಿಂದ ಅದನ್ನು ಇಸಿದುಕೊಂಡು ಮೂಸಿ, ಮರಳಿ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡರು. ವೈನಿ ಒಳಗೆ ಹೋಗಿ ಅತ್ತರು.

ಉಳಿದದ್ದು ಕೆಳಗಿನ ಒಂದು ಸಾಲು. ಕಪ್ಪತಗುಡ್ಡದಿಂದ ಬೇರು ಅಗೆದು ತರುತ್ತಿದ್ದ ಒಬ್ಬ ಮುದುಕರ ಸಾಮಾನೆಲ್ಲ ಆ ಸಾಲಿನಲ್ಲಿತ್ತು. ಆ ಮುದುಕರು ಆಗಲೇ ಇರಲಿಲ್ಲ. ಅಪರೂಪದ ಸಾಮಾನು, ವರ್ಷಕ್ಕೊಬ್ಬ ಗಿರಾಕಿ. ಅವಸರವಿಲ್ಲ, ಕೊನೆಗೆ ಬರೆದರಾಯಿತು ಎಂದು ನಾನೇ ಹೇಳಿದ್ದೆ. ಅಷ್ಟರಲ್ಲಿ ನನ್ನ ತಾತ್ಕಾಲಿಕ ಕೆಲಸ ಮುಗಿಯಿತು, ಧಾರವಾಡದಲ್ಲಿ ಇನ್ನೊಂದು ಸಿಕ್ಕಿತು. ಮುಂದಿನ ಸೋಮವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅದರ ಮುಂದಿನ ಸೋಮವಾರವೂ ಹಾಗೇ ಹೇಳಿದೆ. ಹೀಗೆ ಎರಡು ತಿಂಗಳು... ಕಾಕಾನ ಕಣ್ಣು ಪೂರ್ತಿ ಹೋಯಿತೆಂದು ತಿಳಿಯಿತು. ಬರಬೇಕು, ಬರಬೇಕು ಎನ್ನುತ್ತಿರುವಾಗಲೇ ಒಂದು ಬೆಳಿಗ್ಗೆ ಕಾಕಾನೇ ಹೋದರೆಂಬ ಖಬರು ಬಂತು. ಮಣ್ಣಿಗೆ ಹೋಗಿ ಬಂದೆ. ಪುಸ್ತಕದ ಮಾತು ಎತ್ತಲು ನನಗೆ ಮುಖವಿರಲಿಲ್ಲ.

ಗಂಟಿನಲ್ಲಿ ಬಂದ ಪುಸ್ತಕವನ್ನು ಮೊದಲ ಪುಟದಿಂದ ತಿರುವಿದೆ. ಎಲ್ಲ ಕಡೆ ವೈನಿಯ ಪೆನ್ಸಿಲ್ ಓಡಾಡಿದೆ. ಕಾಕಾ ಹೇಳಿದ ಕೆಲವು ಗೆರೆಗಳನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ಹೊಸದು ಎಳೆದಿದ್ದಾರೆ. ಮೊದಲಿಗೆ ಎದೆಗೆ ಚುಚ್ಚಿದಂತಾಯಿತು. ಆಮೇಲೆ, ಕಾಕಾ ಇದ್ದಿದ್ದರೆ ಇದನ್ನು ನೋಡಿ ಮುಖ ಅರಳಿಸುತ್ತಿದ್ದರು ಎನಿಸಿತು. ಕೊನೆಯಲ್ಲಿ ಒಂದು ಪುಟದ ನಡುವೆ ಬಜೆಯ ತುಂಡು. ಆ ಪುಟದಲ್ಲಿ ಅಕ್ಷರವೇ ಇಲ್ಲ. ಒಂದರ ಮೇಲೊಂದು ಹಾದುಹೋದ ಗೆರೆಗಳು, ಒಂದೆಳೆ, ಎರಡೆಳೆ, ಕೆಲವು ಹಾಳೆಯ ಅಂಚು ದಾಟಿ ಹೋಗಿವೆ. ಗೆರೆಗಳ ತುದಿಯಲ್ಲಿ ಹೆಬ್ಬೆರಳಗಲದ ಕಂದು ಕಲೆಗಳು, ಹದಿನಾಲ್ಕು. ಕೆಳಗಿನ ಸಾಲಿನಲ್ಲಿದ್ದ ಖಾನೆಗಳೂ ಹದಿನಾಲ್ಕೇ.

ವೈನಿಗೆ ಫೋನು ಮಾಡಿದೆ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಕೇಳುತ್ತಿತ್ತು. ಎಲ್ಲವನ್ನೂ ತನ್ನ ಅಕ್ಷರದಲ್ಲಿ ಹೊಸ ಪುಸ್ತಕಕ್ಕೆ ಇಳಿಸಿಕೊಂಡದ್ದಾಗಿದೆ, ಹಳೆಯದು ನಿಮ್ಮ ಹತ್ತಿರ ಇರಲಿ ಎಂದು ಕಳಿಸಿದೆ ಎಂದರು. ಆ ಪುಟದ ಬಗ್ಗೆ ಕೇಳಿದೆ.

"ಅದನ್ನ ಇಳಿಸಾಕ ಬರಲಿಲ್ರಿ," ಎಂದರು. "ಕಡೀ ತಿಂಗಳದಾಗ ಮಾವನವರು ಒಬ್ರ ಕುಂತು ಗೆರಿ ಎಳೀತಿದ್ರು. ಕೆಳಗಿನ ಖಾನಿ ತಗದು ತಗದು ಹಾಳಿಗೆ ಬಟ್ಟು ತಿಕ್ಕತಿದ್ರು. ಕೈ ಒರಸಾಕತ್ತಾರ ಅನ್ಕೊಂಡೆ. ಇದು ಯಾರಿಗೆ ತಿಳೀಬೇಕ್ರಿ ಅಂದ್ರ, ಆಕಿ ಬರ್ತಾಳ, ಆಕಿಗೆ ಓದಾಕ ಬರತೈತಿ ಅಂದ್ರು."

ನಾನು ಆ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡೆ. ವೈನಿಯೇ ಮಾತು ಮುಂದುವರಿಸಿದರು. ಉಳಿದ ಪುಟ ಹೋದರೂ ಚಿಂತೆಯಿಲ್ಲ, ಅವರ ಕೈಯ ಪುಟ ಅದೊಂದೇ ಎಂದು ಪ್ರತಿ ವರ್ಷ ಹೊಸ ಬಜೆ ಅದರ ಮೇಲೇ ಇಡುತ್ತಿದ್ದರಂತೆ. ಪುಸ್ತಕದಲ್ಲಿ ನೀವೇ ಬರೆದಿದ್ದಿರಲ್ಲ, ಹುಳ ಹತ್ತುವುದಿಲ್ಲ ಎಂದು. ಒಂದು ತೂತೂ ಬಿದ್ದಿಲ್ಲ ನೋಡಿ ಎಂದರು. ಒಂದು ತೂತೂ ಬಿದ್ದಿಲ್ಲ, ನಿಮ್ಮಿಂದಲೇ ಪುಟ ಉಳಿಯಿತು ಎಂದು ಹೇಳಿ ಫೋನಿಟ್ಟೆ. ಇನ್ನುಳಿದದ್ದನ್ನು ಆಕೆಗೆ ನಾನು ಹೇಳಲಿಲ್ಲ, ಎಂದೂ ಹೇಳುವುದಿಲ್ಲ.

ಕಾಕಾ ಕಣ್ಣಿಲ್ಲದೆ ಹೆಸರು ಬರೆಯಲಾರದೆ, ಪ್ರತಿ ಚುಕ್ಕಿಯ ಜಾಗದಲ್ಲೂ ಆಯಾ ಖಾನೆಯ ಬೇರನ್ನೇ ತಿಕ್ಕಿ ಇಟ್ಟಿದ್ದರು. ನಾನು ಮೂಗಿನಿಂದ ಓದಲೆಂದು. ಆ ಎರಡು ತಿಂಗಳಲ್ಲಿ ಒಂದೇ ಒಂದು ಸೋಮವಾರ ಹೋಗಿದ್ದರೆ ಓದಿಬಿಡುತ್ತಿದ್ದೆ. ಈಗ ಕಣ್ಣು ಮುಚ್ಚಿ ಒಂದೊಂದೇ ಕಲೆಗೆ ಮೂಗು ತಾಗಿಸಿದೆ. ಹದಿನಾಲ್ಕೂ ಬಜೆ; ವರ್ಷ ವರ್ಷ ಇಟ್ಟ ತುಂಡಿನ ಘಾಟು ಉಳಿದ ವಾಸನೆಯನ್ನೆಲ್ಲ ನುಂಗಿತ್ತು.

ಬಜೆಯ ತುಂಡನ್ನು ತೆಗೆದು ಬೇರೆ ಕೋಣೆಯಲ್ಲಿಟ್ಟಿದ್ದೇನೆ. ಪುಟವನ್ನು ಕಿಟಕಿಯ ಹತ್ತಿರ ಗಾಳಿಗೆ ಬಿಚ್ಚಿಟ್ಟು, ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಒಮ್ಮೆ ಮೂಸುತ್ತೇನೆ. ಕಂಪ್ಯೂಟರಿನ ಪರದೆಯ ಮೇಲೆ ಯಂತ್ರ ಸೂಚಿಸಿದ ಗೆರೆಗಳು ಸಾಲುಗಟ್ಟಿ ಕಾದಿರುತ್ತವೆ. ಇವತ್ತು ಎಡ ಮೂಲೆಯ ಒಂದು ಕಲೆಯಲ್ಲಿ ಬಜೆಯಲ್ಲದ ಏನೋ ಒಂದು, ಮಣ್ಣಿನ ಹಾಗೆ, ತುಸು ಕಹಿಯಾಗಿ, ಬಂದು ಹೋದಂತಾಯಿತು. ಇನ್ನೊಮ್ಮೆ ಮೂಸಿದಾಗ ಇರಲಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 'ಗೊತ್ತಿಲ್ಲ' ಎಂದು ಬರೆದು, ಇವತ್ತಿನ ವಾರ ಯಾವುದೆಂದು ನೋಡಿದೆ. ಸೋಮವಾರ.